ಕಾರಿನಲ್ಲಿ ಕೋಳಿಮರಿ ತರುವಾಗ



ಈ ಹೊತ್ತು ಹೇಳಬೇಕೆಂದಿರುವುದು ಸಣ್ಣ ವಿಷಯ. ಹ್ಯಾಚರಿಯಿಂದ ಮನೆಗೆ ಕೋಳಿಮರಿಗಳನ್ನು ಕಾರಿನಲ್ಲಿ ತರುವ ನಾಲ್ಕೈದು ಗಂಟೆಯ ಮಾತು, ಅಷ್ಟೇ. ಆದರೆ ಆ ನಾಲ್ಕೈದು ಗಂಟೆಯಲ್ಲಿ ಒಂದು ವರ್ಷದ ಮೊಟ್ಟೆ ದುಡ್ಡು ಹೋಗಬಹುದು, ಉಳಿಯಲೂಬಹುದು. ಅದಕ್ಕೇ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಏಪ್ರಿಲ್ ತಿಂಗಳು. ಮೈಸೂರಿನಿಂದ ನೂರು ಮರಿ ತರುತ್ತಿದ್ದೆವು. ಕಾರು ನಮ್ಮ ಭಾವಮೈದುನನದು. ಮರಿಗೆ ಕೊಟ್ಟ ದುಡ್ಡು ಮನೆಯವರು ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ. ನಂಜನಗೂಡು ಬಂತು. ದಾರಿಯಲ್ಲೇ ನಂಜುಂಡೇಶ್ವರ ಇದ್ದಾನೆ, ಕೈ ಮುಗಿಯದೆ ಹೋಗೋಕಾಗುತ್ತದೆಯೇ? ಐದೇ ನಿಮಿಷ ಅಂದುಕೊಂಡು ಕಾರು ನಿಲ್ಲಿಸಿ, ಯಾರಾದರೂ ಕೈ ಹಾಕಿಯಾರೆಂದು ಗಾಜು ಪೂರಾ ಏರಿಸಿ, ಬೀಗ ಹಾಕಿ ಹೋದೆವು. ಸಾಲು ಉದ್ದ ಇತ್ತು. ಐದು ನಿಮಿಷ ನಲವತ್ತು ನಿಮಿಷವಾಯಿತು. ಬಂದು ಬಾಗಿಲು ತೆಗೆದರೆ ಇಟ್ಟಿಗೆ ಗೂಡಿನ ಬಾಯಿ ತೆಗೆದ ಹಾಗೆ ಝಳ ಮುಖಕ್ಕೆ ಹೊಡೆಯಿತು. ಹೋಗುವಾಗ ಚಿಂವ್‌ಚಿಂವ್ ಅನ್ನುತ್ತಿದ್ದ ಪೆಟ್ಟಿಗೆಯಲ್ಲಿ ಸದ್ದೇ ಇಲ್ಲ. ಅಲ್ಲೇ ಮೂವತ್ತೊಂದು ಮರಿ ಸತ್ತಿದ್ದವು. ಮಾರನೆಯ ಬೆಳಗ್ಗೆ ಇನ್ನೂ ಹನ್ನೊಂದು ಹೋದವು. ಸಂಘದ ಕಂತು ಮಾತ್ರ ನೂರು ಮರಿಯ ಲೆಕ್ಕದಲ್ಲೇ ಕಟ್ಟಬೇಕಾಯಿತು.

ಆ ದಿನ ಮರಿಗಳನ್ನು ಕೊಂದದ್ದು ಬಿಸಿಲಲ್ಲ, ಮುಚ್ಚಿದ ಗಾಜು. ಬಿಸಿಲಿನಲ್ಲಿ ನಿಂತ ಕಾರಿನ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಶಾಖವನ್ನು ಹೊರಗೆ ಬಿಡುವುದಿಲ್ಲ. ಹೊರಗೆ 32 ಡಿಗ್ರಿ ಇದ್ದರೆ ಒಳಗೆ ಅರ್ಧ ಗಂಟೆಯೊಳಗೆ 50ರ ಹತ್ತಿರ ಹೋಗುತ್ತದೆ. ಎರಡು ಬೆರಳು ಗಾಜು ಇಳಿಸಿದರೆ ಸಾಕು ಅಂತೀರಿ, ಸಾಲದು. ಅಷ್ಟರಿಂದ ಆಗುವ ವ್ಯತ್ಯಾಸ ಬಹಳ ಕಡಿಮೆ.

ಹಾಗಾದರೆ ಇಷ್ಟು ದೂರದಿಂದ ಮರಿ ತರುವುದೇಕೆ, ಮನೆಯ ನಾಟಿ ಕೋಳಿಯನ್ನೇ ಕಾವಿಗೆ ಕೂರಿಸಿದರಾಗದೇ ಎಂದು ಕೇಳುವಿರಿ. ಆಗುತ್ತದೆ, ಕೂರಿಸಿ. ಆದರೆ ಈಗ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹಿತ್ತಲಿನಲ್ಲಿ ಗಿರಿರಾಜ, ಸ್ವರ್ಣಧಾರ ಕೋಳಿ ಸಾಕುವ ಮನೆಗಳು ಹೆಚ್ಚಿವೆ. ಗಿರಿರಾಜವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಹೊರತಂದಿತು. ಕೆಲಸ ನಡೆದದ್ದು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ. ಸ್ವರ್ಣಧಾರ ಬಂದದ್ದು 2005ರಲ್ಲಿ. ಆ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಬಣ್ಣದ ಗರಿ, ನಾಟಿಯಂತೆ ಕೆದಕಿ ತಿನ್ನುವ ಗುಣ, ಮೈ ಕಟ್ಟು ಮಾತ್ರ ದೊಡ್ಡದು. ಆದರೆ ಈ ಕೋಳಿಗಳು ಕಾವಿಗೆ ಕೂರುವುದಿಲ್ಲ. ಇವುಗಳ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿದರೂ, ಇವು ಬೆರಕೆ ತಳಿಯಾದ್ದರಿಂದ, ಮರಿಗಳಿಗೆ ತಾಯಿ ತಂದೆಯ ಗುಣ ಪೂರಾ ಬರುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಹೊಸ ಮರಿ ತರಲೇಬೇಕು. ಹೆಬ್ಬಾಳವಾಗಲಿ, ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇರುವ ಹೆಸರಘಟ್ಟವಾಗಲಿ, ಅಲ್ಲಿಂದ ಮೈಸೂರು, ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆಗೆ 200 ಕಿಲೋಮೀಟರಿಗೂ ಮೇಲೆ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಬಂದರೂ ಅದಕ್ಕಿಂತ ಬಹಳ ಕಡಿಮೆಯೇನಲ್ಲ.

ಇಷ್ಟು ದೂರ ಅನ್ನ ನೀರಿಲ್ಲದೆ ಆ ಅಂಗೈಯಷ್ಟು ಜೀವ ಬರುತ್ತದೆಯೇ? ಬರುತ್ತದೆ. ಅದಕ್ಕೆ ದೇವರೇ ಬುತ್ತಿ ಕಟ್ಟಿ ಕಳಿಸಿದ್ದಾನೆ. ಮರಿ ಹೊರಬರುವ ಮುಂಚೆ, ಹತ್ತೊಂಬತ್ತು ಇಪ್ಪತ್ತನೆಯ ದಿನ, ಮೊಟ್ಟೆಯಲ್ಲಿ ಮಿಕ್ಕಿರುವ ಹಳದಿ ಭಂಡಾರ ಹೊಕ್ಕುಳಿನ ಮೂಲಕ ಮರಿಯ ಹೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತದೆ. ಎರಡು ಮೂರು ದಿನ ಅದೇ ಅದಕ್ಕೆ ಊಟ. ನಮ್ಮ ನಾಟಿ ಕೋಳಿಯನ್ನು ನೋಡಿದ್ದೀರಲ್ಲ? ಮೊದಲ ಮರಿ ಒಡೆದ ಕೂಡಲೇ ಅದು ಎದ್ದು ಮೇವಿಗೆ ಹೋಗುವುದಿಲ್ಲ. ಉಳಿದ ಮೊಟ್ಟೆಗಳು ಒಡೆಯುವವರೆಗೂ, ಒಂದು ಹಗಲು ಒಂದು ರಾತ್ರಿಯಾದರೂ, ಕೂತೇ ಇರುತ್ತದೆ. ಮೊದಲು ಬಂದ ಮರಿಗಳು ಉಪವಾಸ ಸಾಯುವುದಿಲ್ಲ, ರೆಕ್ಕೆಯ ಕೆಳಗೆ ಬೆಚ್ಚಗಿರುತ್ತವೆ. ಇದೇ ಗುಣವನ್ನು ನಂಬಿ ಅಮೆರಿಕದಲ್ಲಿ 1918ರಿಂದ ಒಂದು ದಿನದ ಕೋಳಿಮರಿಗಳನ್ನು ಟಪಾಲಿನಲ್ಲೇ ಕಳಿಸುತ್ತಾ ಬಂದಿದ್ದಾರೆ. ಮರಿಗಳು ಆದಷ್ಟು ಬೇಗ ಊರು ಸೇರಬೇಕು ಎಂಬುದು ನಮ್ಮ ದೇಶದ ಸಾಗಣೆ ನಿಯಮದಲ್ಲೂ ಉಂಟು. ಎರಡು ಮೂರು ದಿನ ಇದೆಯಲ್ಲಾ ಎಂದು ನಿಧಾನ ಮಾಡಬೇಡಿ. ಬುತ್ತಿ ಇದ್ದರೂ ಮೈ ನೀರು ಆರುತ್ತಲೇ ಇರುತ್ತದೆ. ಮರಿ ಕೊಳ್ಳುವಾಗ ‘ಯಾವತ್ತು, ಎಷ್ಟು ಹೊತ್ತಿಗೆ ಒಡೆದ ಮರಿ’ ಎಂದು ಕೇಳಿ. ಬೆಳಗ್ಗೆ ಒಡೆದದ್ದು ಸಂಜೆಗೆ ಮನೆ ಸೇರಿದರೆ ಬಹಳ ಒಳ್ಳೆಯದು.

ಹೀಗೆ ಹಸಿವಿನ ಭಯವಿಲ್ಲ. ಭಯವಿರುವುದು ಶೆಕೆ ಮತ್ತು ಚಳಿಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲೇ ನಮ್ಮ ಜನ ತಪ್ಪುವುದು.

ಬೆಳೆದ ಕೋಳಿಗೆ ಗರಿ ಇದೆ, ಮೈ ಶಾಖವನ್ನು ತಾನೇ ಹದ ಮಾಡಿಕೊಳ್ಳುತ್ತದೆ. ಮರಿಗೆ ಇರುವುದು ಬರೀ ನಯ. ಮೊದಲ ಎರಡು ಮೂರು ವಾರ ಅದಕ್ಕೆ ಆ ಶಕ್ತಿ ಪೂರಾ ಬಂದಿರುವುದಿಲ್ಲ. ಅದರ ಮೈ ಶಾಖ 40 ಡಿಗ್ರಿಯ ಸುಮಾರು, ನಮಗಾದರೆ ಅದು ಸುಡುವ ಜ್ವರ. ಪೆಟ್ಟಿಗೆಯೊಳಗೆ ಮರಿಗಳ ಸುತ್ತಲಿನ ಗಾಳಿ 32 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅವು ಸುಖವಾಗಿರುತ್ತವೆ. ‘ಹಾಗಾದರೆ ಕಾರಿನೊಳಗೂ 32 ಡಿಗ್ರಿ ಮಾಡೋಣ’ ಅಂದುಕೊಂಡಿರೋ, ಕೆಟ್ಟಿತು. ಒಂದೊಂದು ಮರಿಯೂ ಒಂದೊಂದು ಸಣ್ಣ ಒಲೆ. ನೂರು ಒಲೆ ಒಂದು ಪೆಟ್ಟಿಗೆಯಲ್ಲಿ ಉರಿಯುತ್ತಿರುವಾಗ ಹೊರಗಿನ ಗಾಳಿ ಅದಕ್ಕಿಂತ ತಂಪಾಗಿಯೇ ಇರಬೇಕು. ಕಾರಿನೊಳಗೆ 24ರಿಂದ 26 ಡಿಗ್ರಿ ಇದ್ದರೆ ಪೆಟ್ಟಿಗೆಯೊಳಗೆ ತಾನಾಗಿಯೇ 32ರ ಹತ್ತಿರ ನಿಲ್ಲುತ್ತದೆ. ತೆಳು ಅಂಗಿ ಹಾಕಿದ ಮನುಷ್ಯನಿಗೆ ಹಿತವಾಗಿದೆ ಅನ್ನಿಸುವ ಹದ ಅದು. ಒಂದು ಮರಿ ಚಳಿಗೆ ಸಾಯುತ್ತದೆ, ನೂರು ಮರಿ ಶೆಕೆಗೆ ಸಾಯುತ್ತವೆ. ಇಷ್ಟು ನೆನಪಿಟ್ಟರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

ಅದಕ್ಕೇ ಹತ್ತು ಹನ್ನೆರಡು ಮರಿ ಮಾತ್ರ ತರುವವರ ಕಷ್ಟ ಬೇರೆ. ಅವರ ಪೆಟ್ಟಿಗೆಯಲ್ಲಿ ಒಲೆಗಳು ಕಡಿಮೆ. ಅಂಥವರು ದೊಡ್ಡ ಪೆಟ್ಟಿಗೆ ತರಬೇಡಿ. ಚಪ್ಪಲಿ ಅಂಗಡಿಯ ಷೂ ಡಬ್ಬಕ್ಕಿಂತ ತುಸು ದೊಡ್ಡದು ಸಾಕು. ಬಿಸಿ ನೀರು ತುಂಬಿದ ಬಾಟಲನ್ನು ಹಳೇ ಪಂಚೆಯಲ್ಲಿ ಎರಡು ಸುತ್ತು ಸುತ್ತಿ, ಪೆಟ್ಟಿಗೆಯ ಒಂದೇ ಮಗ್ಗುಲಿಗೆ ಇಡಿ. ಒಂದೇ ಮಗ್ಗುಲಿಗೆ ಯಾಕೆ? ಚಳಿಯಾದ ಮರಿ ಹತ್ತಿರ ಹೋಗಲಿ, ಶೆಕೆಯಾದದ್ದು ದೂರ ಸರಿಯಲಿ ಎಂದು. ಮಾರ್ಗಶಿರದ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗುಂಡ್ಲುಪೇಟೆಗೆ ಮಂಜು ಇಳಿಯುವಾಗ ಈ ಬಾಟಲಿನ ಬೆಲೆ ಗೊತ್ತಾಗುತ್ತದೆ.

ಇನ್ನು ಪೆಟ್ಟಿಗೆ. ಹ್ಯಾಚರಿಯವರು ಕೊಡುವ ರಟ್ಟಿನ ಪೆಟ್ಟಿಗೆ ಸಾಮಾನ್ಯವಾಗಿ 60 ಸೆಂಟಿಮೀಟರು ಉದ್ದ, 45 ಅಗಲ, ಒಳಗೆ ನಾಲ್ಕು ಮನೆ. ಮನೆಗೆ 25ರಂತೆ ನೂರು ಮರಿ ಹಿಡಿಯುತ್ತದೆ. ಬೇಸಗೆಯಲ್ಲಿ ಮನೆಗೆ 20 ಸಾಕು. ಒಂದು ಪೆಟ್ಟಿಗೆ ಹೆಚ್ಚಾದರೆ ಆಗಲಿ. ನಾಲ್ಕು ಮನೆ ಮಾಡಿರುವುದು ಲೆಕ್ಕಕ್ಕೆ ಅಂತ ತಿಳಿಯಬೇಡಿ. ಕಾರು ತಟ್ಟನೆ ನಿಂತರೆ ನೂರು ಮರಿಯೂ ಒಂದು ಮೂಲೆಗೆ ಬಿದ್ದು ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ತಡಿಕೆಯಿದ್ದರೆ ಆ ಗಂಡಾಂತರ ಕಡಿಮೆ. ಮನೆಯ ರಟ್ಟಿನ ಡಬ್ಬ ಬಳಸುವುದಾದರೆ ನಡುವೆ ರಟ್ಟಿನ ತಡಿಕೆ ಕೊಟ್ಟು, ನಾಲ್ಕು ಮಗ್ಗುಲಿಗೂ ಮುಚ್ಚಳಕ್ಕೂ ಹೆಬ್ಬೆರಳು ತೂರದಷ್ಟು ತೂತು ಮಾಡಿ. ತಳಕ್ಕೆ ಬರೀ ಪತ್ರಿಕೆ ಕಾಗದ ಹಾಸಬೇಡಿ. ಕಾಗದ ಜಾರುತ್ತದೆ, ಎಳೇ ಮರಿಯ ಕಾಲು ಎರಡು ಕಡೆಗೆ ಕಿತ್ತುಕೊಂಡು ಹೋಗುತ್ತದೆ, ಅಂಥ ಮರಿ ಆಮೇಲೆ ನಡೆಯುವುದಿಲ್ಲ. ಸಣ್ಣಗೆ ಕತ್ತರಿಸಿದ ಒಣ ಹುಲ್ಲು, ಇಲ್ಲವೆ ಹಳೇ ಗೋಣಿ ಚೂರು ಹಾಸಿ. ನೀರಿನ ಬಟ್ಟಲು ಒಳಗೆ ಬೇಡವೇ ಬೇಡ. ಅದು ಚೆಲ್ಲುತ್ತದೆ, ನಯ ನೆನೆಯುತ್ತದೆ, ನೆನೆದ ಮರಿ ಯಾವ ಹವೆಯಲ್ಲೂ ನಡುಗುತ್ತದೆ.

ಕಾರಿನಲ್ಲಿ ಎಲ್ಲಿ ಇಡಬೇಕು? ಡಿಕ್ಕಿಯಲ್ಲಿ ಮಾತ್ರ ಅಲ್ಲ. ಅಲ್ಲಿ ಗಾಳಿಯಾಡುವುದಿಲ್ಲ, ಹೊಗೆಕೊಳವೆಯ ಹೊಗೆ ಸೇರುವ ಭಯವೂ ಉಂಟು, ನಿಮಗೆ ಮರಿಯ ಸದ್ದೂ ಕೇಳುವುದಿಲ್ಲ. ಹಿಂದಿನ ಸೀಟೇ ಸರಿಯಾದ ಜಾಗ. ಆದರೆ ಸೀಟು ಹಿಂದಕ್ಕೆ ಓರೆಯಾಗಿರುತ್ತದೆ. ಪೆಟ್ಟಿಗೆ ಓರೆಯಾದರೆ ಮರಿಗಳೆಲ್ಲ ಇಳಿಜಾರಿಗೆ ಜಾರಿ ಒತ್ತಿಕೊಳ್ಳುತ್ತವೆ. ತಗ್ಗಿದ ಕಡೆಗೆ ಮಡಿಸಿದ ಗೋಣಿಯನ್ನೋ ಕಂಬಳಿಯನ್ನೋ ಕೊಟ್ಟು ಮಟ್ಟ ಮಾಡಿ, ಸೀಟಿನ ಪಟ್ಟಿಯನ್ನು ಪೆಟ್ಟಿಗೆಯ ಮೇಲೆ ಹಾಯಿಸಿ ಬಿಗಿಯಿರಿ. ಗಾಳಿಯ ತೂತು ಮುಚ್ಚದ ಹಾಗೆ. ಕಾಲಿಡುವ ತಳದಲ್ಲಿ ಇಡುವವರು ಮೊದಲು ಅಂಗೈ ಇಟ್ಟು ನೋಡಿ. ಕೆಲವು ಕಾರುಗಳಲ್ಲಿ ಆ ತಗಡು ಓಡುತ್ತಾ ಓಡುತ್ತಾ ಕಾಯುತ್ತದೆ. ಎರಡು ಪೆಟ್ಟಿಗೆಯನ್ನು ಒಂದರ ಮೇಲೊಂದು ಇಡಲೇಬೇಕಾದರೆ ನಡುವೆ ಎರಡು ರೀಪರು ತುಂಡು ಕೊಡಿ, ಗಾಳಿ ಹಾಯಲಿ. ಮೇಲೆ ಅಕ್ಕಿ ಮೂಟೆ, ಸಾಮಾನಿನ ಚೀಲ ಹೇರಬೇಡಿ ಎಂದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಹೇಳಲೇಬೇಕು, ಕಣ್ಣಾರೆ ಕಂಡಿದ್ದೇನೆ.

ಗಾಜಿನ ವಿಷಯ. ಓಡುವ ಕಾರಿನ ಕಿಟಕಿ ಪೂರಾ ತೆಗೆದು ಮರಿಗಳ ಮೇಲೆ ಗಾಳಿ ಬೀಸಿದರೆ ಅದೂ ಕೇಡು. ನಮಗೆ ತಂಪೆನಿಸುವ ಗಾಳಿ ಆ ನಯಕ್ಕೆ ಬಾಣ. ಮುಂದಿನ ಗಾಜು ಅರ್ಧ, ಹಿಂದೆ ಎದುರು ಮಗ್ಗುಲಿನ ಗಾಜು ಒಂದು ಗೇಣು ಇಳಿಸಿ; ಗಾಳಿ ಕಾರಿನಲ್ಲಿ ಸುತ್ತಲಿ, ಪೆಟ್ಟಿಗೆಗೆ ನೇರ ಬಡಿಯದಿರಲಿ. ಎ.ಸಿ. ಇದ್ದರೆ ಹಾಕಿ, ಆದರೆ ಅದರ ಬಾಯಿ ಪೆಟ್ಟಿಗೆಯ ಕಡೆ ತಿರುಗಿರಬಾರದು. ಬಿಸಿಲು ಬೀಳುವ ಮಗ್ಗುಲಿಗೆ ಬಿಳಿ ಟವೆಲು ಕಟ್ಟಿ. ಪೆಟ್ಟಿಗೆಯ ಮೇಲೇ ಟವೆಲು ಹೊದಿಸುವುದು ಬೇರೆ, ಅದು ಗಾಳಿಯನ್ನೂ ಮುಚ್ಚುತ್ತದೆ.

ಹೊರಡುವ ಹೊತ್ತನ್ನು ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಾರ್ಚಿಯಿಂದ ಮೇವರೆಗೆ ಸಂಜೆ ನಾಲ್ಕರ ಮೇಲೆ ಇಲ್ಲವೆ ಬೆಳಕು ಹರಿಯುವ ಮುಂಚೆ. ಚಳಿಗಾಲದಲ್ಲಾದರೆ ಹೊತ್ತೇರಿದ ಮೇಲೆ. ಗಡಿಯಾಚೆಯಿಂದ ಬರುವವರಿಗೆ ಇನ್ನೊಂದು ಮಾತು. ಬಂಡೀಪುರದ ಕಾಡಿನ ಹೆದ್ದಾರಿಗಳು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತವೆ. ಗೂಡಲೂರು, ಸುಲ್ತಾನ್ ಬತ್ತೇರಿ ಕಡೆಯಿಂದ ಮರಿ ತಂದು ಒಂಬತ್ತೂ ಕಾಲಿಗೆ ಗೇಟಿನ ಮುಂದೆ ನಿಂತರೆ ಇಡೀ ರಾತ್ರಿ ಅಲ್ಲೇ. ಸತ್ಯಮಂಗಲದಿಂದ ಬರುವ ಡಿಂಬಂ ಘಾಟಿಗೂ 2022ರಿಂದ ರಾತ್ರಿ ನಿರ್ಬಂಧ ಬಂದಿದೆ. ಆ ಘಾಟಿಯಲ್ಲಿ 27 ತಿರುವು. ಪ್ರತಿ ತಿರುವಿಗೂ ಪೆಟ್ಟಿಗೆ ಒಂದೊಂದು ಕಡೆಗೆ ವಾಲುತ್ತದೆ. ಡ್ರೈವರಣ್ಣನಿಗೆ ಮೊದಲೇ ಹೇಳಿ: ‘ಬಸುರಿ ಹೆಂಗಸನ್ನು ಕೂರಿಸಿಕೊಂಡ ಹಾಗೆ ಓಡಿಸಪ್ಪ.’ ಹಾಸನೂರಿನ ಹತ್ತಿರ ಕಬ್ಬಿನ ಲಾರಿ ಕಾಯುತ್ತಾ ಆನೆ ರಸ್ತೆಯಲ್ಲೇ ನಿಂತು ಗಂಟೆಗಟ್ಟಲೆ ತಡವಾಗುವುದೂ ಉಂಟು. ಅದನ್ನೂ ಲೆಕ್ಕಕ್ಕೆ ಹಿಡಿದು ಹೊರಡಿ.

ದಾರಿಯಲ್ಲಿ ರೇಡಿಯೋ, ಮೊಬೈಲು ಹಾಡು ಸ್ವಲ್ಪ ತಗ್ಗಿಸಿ. ರೇಡಿಯೋದವನೇ ಹೀಗೆ ಹೇಳಬಹುದೇ ಅಂದೀರಿ! ಮರಿಯ ಸದ್ದು ನಿಮ್ಮ ಕಿವಿಗೆ ಬೀಳಬೇಕು, ಅದಕ್ಕೆ. ಸುಖವಾಗಿರುವ ಮರಿಗಳು ಮೆಲ್ಲಗೆ, ಬಿಟ್ಟು ಬಿಟ್ಟು ಪಿಸುಗುಡುತ್ತವೆ, ಎಷ್ಟೋ ನಿದ್ದೆ ಮಾಡುತ್ತವೆ. ಎಲ್ಲವೂ ಒಟ್ಟಿಗೆ ಕೀರಲು ದನಿಯಲ್ಲಿ ಅರಚುತ್ತಿದ್ದರೆ ಚಳಿಯೋ ಭಯವೋ ಆಗಿದೆ. ಅರಚಾಟ ಇದ್ದದ್ದು ಒಮ್ಮೆಲೇ ನಿಂತರೆ ಸಮಾಧಾನವಾಯಿತು ಎಂದು ತಿಳಿಯದೆ ಕೂಡಲೇ ಕಾರು ನಿಲ್ಲಿಸಿ ನೋಡಿ. ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ಮುಚ್ಚಳ ಎತ್ತಿ ನೋಡುವುದು ಹೇಗೂ ಬೇಕು. ಕೊಕ್ಕು ತೆರೆದು ತೇಕುತ್ತಾ, ರೆಕ್ಕೆ ಬಿಟ್ಟು, ಒಂದರಿಂದ ಒಂದು ದೂರ ನಿಂತಿದ್ದರೆ ಶೆಕೆ. ಕೋಳಿಗೆ ನಮ್ಮಂತೆ ಬೆವರು ಬರುವುದಿಲ್ಲ, ತೇಕುವುದೇ ಅದರ ಬೆವರು. ಹಾಗೆ ತೇಕುತ್ತಾ ಮೈ ನೀರನ್ನೆಲ್ಲ ಕಳೆದುಕೊಳ್ಳುತ್ತದೆ. ಒಂದರ ಮೇಲೊಂದು ಗುಪ್ಪೆ ಬಿದ್ದಿದ್ದರೆ ಚಳಿ. ಅನುಮಾನವಿದ್ದರೆ ಒಂದು ಮರಿಯನ್ನೆತ್ತಿ ಅದರ ಕಾಲನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಮರಿಗೆ ಚಳಿಯಾಗಿದೆ. ಥರ್ಮಾಮೀಟರು ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಅಳತೆ ಬೇರಿಲ್ಲ.

ಊಟ, ಕಾಫಿ, ದೇವರ ದರ್ಶನ, ನೆಂಟರ ಮನೆ, ಯಾವುದಕ್ಕೆ ನಿಂತರೂ ಒಬ್ಬರು ಕಾರಿನ ಹತ್ತಿರ ಇರಲೇಬೇಕು, ಬಾಗಿಲು ತೆರೆದಿರಬೇಕು, ಮರದ ನೆರಳು ಇರಬೇಕು. ಈಗ ನಾವು ನಂಜನಗೂಡಿನಲ್ಲಿ ರಸ್ತೆಯಿಂದಲೇ ಕೈ ಮುಗಿದು ಬರುತ್ತೇವೆ. ಮರಿ ಮನೆ ಸೇರಿದ ಮೇಲೆ ಇನ್ನೊಂದು ದಿನ ಹೋಗುತ್ತೇವೆ. ಮಕ್ಕಳು ಜೊತೆಯಲ್ಲಿದ್ದರೆ ‘ಒಂದೇ ಒಂದು ಮರಿ ಕೈಲಿ ಹಿಡಕೊಳ್ತೀನಿ’ ಅಂತ ಹಟ ಮಾಡುತ್ತವೆ. ಪುಟ್ಟ ಕೈ ಪ್ರೀತಿಯಿಂದಲೇ ಅದುಮುತ್ತದೆ, ಮರಿ ಉಸಿರು ಬಿಡುತ್ತದೆ. ಮನೆಗೆ ಹೋದ ಮೇಲೆ ಕೊಡುತ್ತೇನೆ ಎಂದು ಸಮಾಧಾನ ಹೇಳಿ, ಕೊಟ್ಟ ಮೇಲೆ ಸೋಪು ಹಾಕಿ ಕೈ ತೊಳೆಸಿ.

ಮೂರು ನಾಲ್ಕು ವಾರದ ಮರಿಗಳನ್ನು ಸಂತೆಯಲ್ಲಿ ಕೊಂಡು ತರುವವರಿದ್ದಾರೆ. ಇವುಗಳಿಗೆ ಹೊಟ್ಟೆಯೊಳಗಿನ ಬುತ್ತಿ ಮುಗಿದಿರುತ್ತದೆ. ಹೊರಡುವ ಮುಂಚೆ ನೀರು ಕುಡಿಸಿ, ದೂರ ಹೆಚ್ಚಿದ್ದರೆ ನಡುವೆ ನಿಲ್ಲಿಸಿ ಕುಡಿಸಿ. ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕುವ ಪದ್ಧತಿಯನ್ನು ಬಿಟ್ಟುಬಿಡಿ. ಅಗಲವಾದ ಬಿದಿರು ಮಂಕರಿಯ ಮೇಲೆ ಬಲೆ ಕಟ್ಟಿದರೆ ತಾವೇ ಕೂತು ಬರುತ್ತವೆ.

ಮನೆ ತಲುಪಿದ ಮೇಲೆ ಮರಿ ಬಿಡುವ ಜಾಗ ಹುಡುಕುವುದಲ್ಲ. ಹಿಂದಿನ ದಿನವೇ ಭತ್ತದ ಹೊಟ್ಟು ಹಾಸಿ, ತಗಡಿನ ಸುತ್ತು ನಿಲ್ಲಿಸಿ, ಬಲ್ಬು ಹಾಕಿ ಕಾಯಿಸಿಟ್ಟಿರಬೇಕು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು. ಕರೆಂಟು ಹೋಗುವುದು ಇದ್ದದ್ದೇ, ಇದ್ದಿಲು ಕುಂಪಟೆ ಸಿದ್ಧವಿರಲಿ. ಹೊಗೆ ಮಾತ್ರ ನಿಲ್ಲಬಾರದು. ಮರಿಗಳನ್ನು ಎಣಿಸುತ್ತಾ ಒಂದೊಂದರ ಕೊಕ್ಕನ್ನೂ ನೀರಿಗೆ ಮುಟ್ಟಿಸಿ ಬಿಡಿ. ನೀರು ಉಗುರುಬೆಚ್ಚಗಿರಲಿ, ಲೀಟರಿಗೆ 50 ಗ್ರಾಂ ಬೆಲ್ಲ ಕರಗಿಸಿ. ತಟ್ಟೆಯಲ್ಲಿ ಕಲ್ಲುಹರಳು ಹಾಕಿ, ಮರಿ ಮುಳುಗದಿರಲಿ. ಕಾಲಿನ ಚರ್ಮ ಸುಕ್ಕಾಗಿ ನರ ಎದ್ದು ಕಾಣುತ್ತಿದ್ದರೆ ಆ ಮರಿ ದಾರಿಯಲ್ಲಿ ಬಾಯಾರಿದೆ. ಅದಕ್ಕೆ ಮತ್ತೆ ಮತ್ತೆ ಮುಟ್ಟಿಸಿ. ಎರಡು ಮೂರು ಗಂಟೆ ನೀರೊಂದೇ ಕೊಟ್ಟು, ಆಮೇಲೆ ಮೆಕ್ಕೆಜೋಳದ ರವೆ ಚೆಲ್ಲಿದರೆ ಸಾಕು. ಮರಿ ತರುವಾಗಲೇ ಮಾರೆಕ್ಸ್ ಲಸಿಕೆ ಹಾಕಿದ್ದಾರೆಯೇ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಂಡಿರಬೇಕು. ಕೊಕ್ಕರೆ ರೋಗದ ಮೊದಲ ಲಸಿಕೆ ಐದರಿಂದ ಏಳನೆಯ ದಿನದೊಳಗೆ. ಅದಕ್ಕೆ ನಿಮ್ಮ ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ.

ಕಡೆಯದಾಗಿ ಆ ರಟ್ಟಿನ ಪೆಟ್ಟಿಗೆ. ಚೆನ್ನಾಗಿದೆ, ಮುಂದಿನ ಸಲಕ್ಕೆ ಆಗುತ್ತದೆ, ಪಕ್ಕದ ಮನೆ ಅಕ್ಕನಿಗೆ ಕೊಡೋಣ ಅನ್ನಿಸುತ್ತದೆ. ಕೊಡಬೇಡಿ. ಒಂದು ಊರಿನ ಕೋಳಿ ರೋಗ ಇನ್ನೊಂದು ಊರಿಗೆ ಹೋಗುವುದು ಇಂಥ ಪೆಟ್ಟಿಗೆ, ಪಂಜರ, ಗಾಡಿಯ ಚಕ್ರದ ಮೇಲೆಯೇ. 2021ರ ಜನವರಿಯಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳ ಬಾತುಕೋಳಿಗಳಲ್ಲಿ ಹಕ್ಕಿಜ್ವರ ಕಂಡಾಗ ಗಡಿ ಜಿಲ್ಲೆಯವರಾದ ನಮಗೆಲ್ಲ ಎಷ್ಟು ದಿಗಿಲಾಗಿತ್ತೆಂದು ನೆನಪಿರಬಹುದು. ಗಡಿಯಲ್ಲಿ ತಪಾಸಣೆಯವರು ತಡೆದರೆ ಬೇಸರಪಡದೆ ಚೀಟಿ ತೋರಿಸಿ, ಹಕ್ಕಿಜ್ವರದ ಸುದ್ದಿ ಇರುವ ಕಡೆಯಿಂದ ಆ ಕಾಲದಲ್ಲಿ ಮರಿ ತರಲೇಬೇಡಿ. ಮರಿ ಇಳಿಸಿದ ದಿನವೇ ಪೆಟ್ಟಿಗೆಯನ್ನು ಹೊಲದ ಮೂಲೆಯಲ್ಲಿ ಸುಟ್ಟು, ಸೀಟಿಗೆ ಹಾಸಿದ್ದ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಕಾರನ್ನು ಒಳಗೂ ಹೊರಗೂ ಒರೆಸಿಕೊಟ್ಟು ಬನ್ನಿ. ಕಾರು ನೆಂಟರದ್ದಾದರಂತೂ ಮರೆಯಬೇಡಿ, ಮುಂದಿನ ಸಲವೂ ಕೇಳಬೇಕಲ್ಲ!